ಕೃತಕ ಬುದ್ಧಿಮತ್ತೆಯಿಂದ ಆನ್‌ಲೈನ್ ಕೋರ್ಸ್: ಎಲ್ಲಿ ನೆಚ್ಚಬೇಕು, ಎಲ್ಲಿ ತಡೆದು ನೋಡಬೇಕು

‘ಆರಂಭಿಕರಿಗಾಗಿ ಸಂಖ್ಯಾಶಾಸ್ತ್ರದ ಆರು ವಾರಗಳ ಕೋರ್ಸ್‌ಗೆ ಪಾಠಯೋಜನೆ ಕೊಡು’ ಎಂದು ಯಾವುದಾದರೂ ಚಾಟ್‌ಬಾಟ್‌ಗೆ ಹೇಳಿದರೆ ಒಂದು ನಿಮಿಷದೊಳಗೆ ಯೋಜನೆ ಪರದೆಯ ಮೇಲಿರುತ್ತದೆ. ಮೊದಲ ವಾರ ದತ್ತಾಂಶದ ಬಗೆಗಳು, ಎರಡನೆಯ ವಾರ ಸರಾಸರಿ ಮತ್ತು ಮಧ್ಯಾಂಕ (ಸಂಖ್ಯೆಗಳನ್ನು ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಸಂಖ್ಯೆ), ಮೂರನೆಯ ವಾರ ಸಂಭವನೀಯತೆ, ಹೀಗೆ ಕೊನೆಯ ವಾರದ ಕಿರುಯೋಜನೆಯವರೆಗೆ ಎಲ್ಲವೂ ಅಚ್ಚುಕಟ್ಟಾಗಿ ಜೋಡಣೆಯಾಗಿರುತ್ತದೆ. ಮೇಲ್ನೋಟಕ್ಕೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಈ ಕೋರ್ಸ್ ಯಾರಿಗೆ, ಅವರಿಗೆ ಈಗಾಗಲೇ ಏನು ಗೊತ್ತಿದೆ, ಮುಗಿಸಿದ ಮೇಲೆ ಅವರು ಯಾವ ಕೆಲಸವನ್ನು ತಾವಾಗಿಯೇ ಮಾಡಬಲ್ಲವರಾಗಬೇಕು ಎಂಬುದನ್ನು ನಾವು ಹೇಳಿರಲಿಲ್ಲ, ಯಂತ್ರವೂ ಕೇಳಲಿಲ್ಲ. ಹಾಗಿದ್ದೂ ಯೋಜನೆ ಸಿದ್ಧವಾಯಿತೆಂದರೆ, ನಮ್ಮ ಮುಂದಿರುವುದು ಎಷ್ಟೋ ಪಠ್ಯಪುಸ್ತಕಗಳ ವಿಷಯಸೂಚಿಗಳನ್ನು ಒಟ್ಟಿಗೆ ಕಡೆದು ತೆಗೆದ ಸಾರ ಮಾತ್ರ. ಅದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಒಗ್ಗುತ್ತದೆ, ಯಾರಿಗೂ ಪೂರ್ತಿಯಾಗಿ ಒಗ್ಗುವುದಿಲ್ಲ.

ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಭಾಷಾ ಮಾದರಿಗಳು ಕೆಲಸ ಮಾಡುವ ರೀತಿಯನ್ನು ತುಸು ನೋಡಬೇಕು. 2017ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸದ ಮೇಲೆ ನಿಂತಿರುವ ಈ ಮಾದರಿಗಳು ಅಪಾರ ಪ್ರಮಾಣದ ಬರಹವನ್ನು ಓದಿ, ಒಂದು ಸಾಲಿನಲ್ಲಿ ಮುಂದೆ ಯಾವ ಪದ ಅಥವಾ ಪದದ ತುಣುಕು ಬರಬಹುದು ಎಂದು ಲೆಕ್ಕಹಾಕುವುದನ್ನು ಕಲಿತಿರುತ್ತವೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದ ನಂತರ ಮಾದರಿಗಳು ಬಹಳ ಸುಧಾರಿಸಿವೆ. ಆದರೂ ಈ ಮೂಲಗುಣ ಬದಲಾಗಿಲ್ಲ. ನಿಜವಿರುವ ವಾಕ್ಯವನ್ನೂ ನಿಜವೆನಿಸುವಂತಹ ವಾಕ್ಯವನ್ನೂ ಯಂತ್ರ ಒಂದೇ ನಯದಿಂದ ಬರೆಯುತ್ತದೆ, ತಪ್ಪು ಹೇಳುವಾಗ ಅದರ ದನಿ ತಡವರಿಸುವುದಿಲ್ಲ. ಕೋರ್ಸ್ ಬರೆಯುವವರಿಗೆ ಇದರಿಂದ ಎರಡು ತೊಂದರೆಗಳು ಹುಟ್ಟುತ್ತವೆ. ನಾವು ಮಾಹಿತಿ ಕೊಡದ ಕಡೆಯಲ್ಲೆಲ್ಲ ಅದು ತೀರಾ ಸಾಮಾನ್ಯವಾದ ಮಾತಿಗೆ ಜಾರುತ್ತದೆ. ಬರಹದ ಸಂಗ್ರಹವೇ ತೆಳುವಾಗಿರುವ ವಿಷಯಗಳಲ್ಲಿ, ಇಲ್ಲದ ಇಸವಿ, ಇಲ್ಲದ ಪುಸ್ತಕ, ಇಲ್ಲದ ಸೂತ್ರವನ್ನು ಇದ್ದಂತೆಯೇ ಹೇಳಿಬಿಡುತ್ತದೆ. ಹೊಸದಾಗಿ ಕಲಿಯುವವನಿಗೆ ಈ ತಪ್ಪನ್ನು ಗುರುತಿಸುವ ಶಕ್ತಿ ಇರುವುದಿಲ್ಲ. ಇದ್ದಿದ್ದರೆ ಅವನಿಗೆ ಆ ಕೋರ್ಸೇ ಬೇಕಿರಲಿಲ್ಲ.

ಹಾಗಾಗಿ ಲೆಕ್ಕ ಹೀಗೆ ಬರುತ್ತದೆ: ಬರೆಯುವ ಖರ್ಚು ಹೆಚ್ಚುಕಡಿಮೆ ಸೊನ್ನೆಗೆ ಇಳಿದಿದೆ, ಬರೆದದ್ದನ್ನು ಒರೆಗೆ ಹಚ್ಚುವ ಖರ್ಚು ಇದ್ದಲ್ಲೇ ಇದೆ. ಒಬ್ಬ ವಿಷಯತಜ್ಞ ದಿನಕ್ಕೆ ಹತ್ತು ಪುಟ ಗಮನವಿಟ್ಟು ಪರಿಶೀಲಿಸಬಲ್ಲನಾದರೆ, ಯಂತ್ರ ದಿನಕ್ಕೆ ಸಾವಿರ ಪುಟ ಕೊಟ್ಟರೂ ಆ ಕೋರ್ಸ್ ಬೆಳೆಯುವುದು ದಿನಕ್ಕೆ ಹತ್ತು ಪುಟವೇ. ಯಂತ್ರಕ್ಕೆ ಯಾವ ಕೆಲಸ ವಹಿಸಬೇಕು ಎಂಬುದನ್ನು ನಿರ್ಧರಿಸಲು ನಾನು ಬಳಸುವ ಅಳತೆಗೋಲು ಇದರಿಂದಲೇ ಹುಟ್ಟಿದ್ದು. ಬಂದ ಉತ್ತರ ಸರಿಯೇ ತಪ್ಪೇ ಎಂದು ಬೇಗ ಗೊತ್ತಾಗುವ ಕೆಲಸಗಳನ್ನು ಧಾರಾಳವಾಗಿ ಕೊಡಬಹುದು, ಪರಿಶೀಲಿಸುವುದಕ್ಕೆ ಸ್ವತಃ ಬರೆಯುವಷ್ಟೇ ಶ್ರಮ ಬೇಕಾಗುವ ಕೆಲಸಗಳನ್ನು ಕೊಡಬಾರದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಆನ್‌ಲೈನ್ ಕಲಿಕೆಯಲ್ಲಿ ಪಾಠಸಾಮಗ್ರಿಯ ಕೊರತೆ ಮುಖ್ಯ ಸಮಸ್ಯೆಯಾಗಿರಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಉಚಿತವಾಗಿ ತೆರೆದಿಡುವುದಾಗಿ ಘೋಷಿಸಿದ್ದು 2001ರಲ್ಲಿ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ನಡೆಸಿದ ಕೃತಕ ಬುದ್ಧಿಮತ್ತೆಯ ಕೋರ್ಸ್‌ಗೆ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು, ಮರುವರ್ಷವೇ ಕೋರ್ಸೆರಾ ಮತ್ತು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಗಳು ಆರಂಭವಾದವು. ಆದರೆ ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸ್‌ಗಳ ಅಂಕಿಅಂಶವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, 2017-18ರಲ್ಲಿ ಸೇರಿದವರ ಪೈಕಿ ಪೂರ್ಣಗೊಳಿಸಿದವರು ಶೇ 3.13ರಷ್ಟು ಮಾತ್ರ ಎಂದು ತೋರಿಸಿತು. ಸುಮ್ಮನೆ ಇಣುಕಿ ನೋಡಲು ಬಂದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ, ನಿಜ. ಅದನ್ನು ಬಿಟ್ಟರೂ, ಜಗತ್ತಿನ ಹೆಸರಾಂತ ಪ್ರಾಧ್ಯಾಪಕರ ಪಾಠಗಳೇ ಅರ್ಧಕ್ಕೆ ನಿಂತುಹೋಗುವಾಗ, ಇನ್ನಷ್ಟು ಪಾಠಗಳನ್ನು ಇನ್ನಷ್ಟು ಬೇಗ ಉತ್ಪಾದಿಸುವುದರಿಂದ ಕಲಿಯುವವರಿಗೆ ಲಾಭವಾಗುತ್ತದೆ ಎಂದು ನಂಬಲು ಕಾರಣವಿಲ್ಲ. ಅವರಿಗೆ ಸಿಗದೆ ಹೋದದ್ದು ತಮ್ಮ ಮಟ್ಟಕ್ಕೆ ತಕ್ಕ ಅಭ್ಯಾಸ, ತಪ್ಪಿದಾಗ ಯಾಕೆ ತಪ್ಪಿತು ಎಂದು ಹೇಳುವ ಪ್ರತಿಕ್ರಿಯೆ. ಯಂತ್ರವನ್ನು ಬಳಸುವುದಾದರೆ ಮೊದಲು ಬಳಸಬೇಕಾದದ್ದು ಅಲ್ಲಿ.

ಅದಕ್ಕಾಗಿ ಕೋರ್ಸನ್ನು ಕೊನೆಯಿಂದ ಆರಂಭಿಸಬೇಕು. ಶಿಕ್ಷಣತಜ್ಞರಾದ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ವಿವರಿಸಿದ ಹಿಮ್ಮುಖ ವಿನ್ಯಾಸದ ಕ್ರಮದಲ್ಲಿ ಕಲಿಕಾ ಫಲ (ಕೋರ್ಸ್ ಮುಗಿಸಿದವರು ಏನು ಮಾಡಬಲ್ಲರು ಎಂಬುದು) ಮೊದಲು, ಅದು ಸಿದ್ಧಿಸಿತೆಂದು ತೋರಿಸುವ ಪುರಾವೆ ಆಮೇಲೆ, ಪಾಠ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಚಾಟ್‌ಬಾಟನ್ನು ಅದರ ಪಾಡಿಗೆ ಬಿಟ್ಟರೆ ಅದು ತದ್ವಿರುದ್ಧವಾಗಿ ನಡೆದು, ಪಾಠಗಳನ್ನು ಮೊದಲು ಬರೆದು, ಕೊನೆಯಲ್ಲಿ ಒಂದು ಕ್ವಿಜ್ ಅಂಟಿಸುತ್ತದೆ. ಕಲಿಕಾ ಫಲ ಬರೆದುಕೊಡು ಎಂದರೆ ‘ಕಲಿಯುವವರು ಮಧ್ಯಾಂಕದ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆಯುತ್ತದೆ. ಅರ್ಥವಾಯಿತೋ ಇಲ್ಲವೋ ಎಂದು ಕಣ್ಣಿಂದ ನೋಡಿ ಹೇಳಲು ಆಗುವುದಿಲ್ಲವಾದ್ದರಿಂದ ಆ ವಾಕ್ಯ ಇದ್ದೂ ಇಲ್ಲದಂತೆ. ‘ಒಂದು ಗುಂಪಿನ ಸಂಬಳದ ಪಟ್ಟಿಯನ್ನು ಕೊಟ್ಟಾಗ, ಸರಾಸರಿ ಮತ್ತು ಮಧ್ಯಾಂಕ ಎರಡನ್ನೂ ಲೆಕ್ಕಹಾಕಿ, ಅವುಗಳಲ್ಲಿ ಯಾವುದು ಆ ಗುಂಪಿನ ಪರಿಸ್ಥಿತಿಯನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದನ್ನು ಕಾರಣಸಹಿತ ಬರೆಯುವರು’ ಎಂಬ ವಾಕ್ಯದಲ್ಲಾದರೋ ಪರೀಕ್ಷೆ ಹೇಗಿರಬೇಕು, ಪಾಠದಲ್ಲಿ ಏನಿರಬೇಕು, ಏನನ್ನು ಬಿಡಬಹುದು ಎಂಬುದೆಲ್ಲ ಅಡಗಿದೆ. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಹವರ್ತಿಗಳು ರೂಪಿಸಿದ ಕಲಿಕೆಯ ಹಂತಗಳು, 2001ರ ಪರಿಷ್ಕರಣೆಯ ಪ್ರಕಾರ ನೆನಪಿಡುವುದರಿಂದ ಹೊಸದನ್ನು ರಚಿಸುವುದರವರೆಗೆ ಏರುವ ಆರು ಮೆಟ್ಟಿಲುಗಳು, ಇಲ್ಲಿ ಉಪಯೋಗಕ್ಕೆ ಬರುತ್ತವೆ. ನಾವೇ ಬರೆದ ಫಲಗಳನ್ನು ಕೊಟ್ಟು, ‘ಇವು ಯಾವ ಮೆಟ್ಟಿಲಿನವು, ಯಾವುದನ್ನು ಅಳೆಯಲಾಗದು’ ಎಂದು ಕೇಳಿದರೆ ಯಂತ್ರ ಸಾಕಷ್ಟು ನಂಬಿಕಸ್ಥ ಉತ್ತರ ಕೊಡುತ್ತದೆ, ಅದನ್ನು ಒಪ್ಪುವುದೋ ಬಿಡುವುದೋ ಎಂದು ಓದಿದ ಕೂಡಲೇ ತೀರ್ಮಾನಿಸಬಹುದು. ಆದರೆ ಫಲ ಯಾವುದಿರಬೇಕು ಎಂಬ ನಿರ್ಧಾರವನ್ನು ಮಾತ್ರ ಅದರ ಕೈಗೆ ಕೊಡಬಾರದು.

ಪಾಠದ ಬರವಣಿಗೆಗೆ ಇಳಿದಾಗ ಸಾಧ್ಯವಾದಷ್ಟೂ ನಮ್ಮದೇ ಸಾಮಗ್ರಿಯನ್ನು ಮುಂದಿಟ್ಟು ಕೆಲಸ ಮಾಡಿಸುವುದು ಒಳಿತು. ತರಗತಿಯ ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳು ಪದೇಪದೇ ಕೇಳುವ ಸಂದೇಹ, ಉಪನ್ಯಾಸದ ಧ್ವನಿಮುದ್ರಣದಿಂದ ಇಳಿಸಿಕೊಂಡ ಪಠ್ಯ, ಇವೆಲ್ಲ ಬೇರೆಲ್ಲೂ ಸಿಗದ ಕಚ್ಚಾವಸ್ತುಗಳು. ಸಾಮಗ್ರಿ ಹೆಚ್ಚಿದ್ದರೆ, ಪ್ರಶ್ನೆಗೆ ಸಂಬಂಧಿಸಿದ ಭಾಗಗಳನ್ನು ಮೊದಲು ಹುಡುಕಿ ತೆಗೆದು, ಅವುಗಳ ಆಧಾರದ ಮೇಲೆ ಉತ್ತರ ಬರೆಯಿಸುವ ವಿಧಾನ ಒಂದಿದೆ. ‘ರ‍್ಯಾಗ್’ ಎಂಬ ಹೆಸರಿನಲ್ಲಿ 2020ರಿಂದ ಬಳಕೆಗೆ ಬಂದ ಇದು ಈಗ ಅನೇಕ ಉಪಕರಣಗಳ ಒಳಗೇ ಇರುತ್ತದೆ. ಇದರಿಂದ ಕಟ್ಟುಕತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಅದಕ್ಕಿಂತ ದೊಡ್ಡ ಲಾಭವೆಂದರೆ ಪ್ರತಿಯೊಂದು ವಾಕ್ಯವೂ ನಮ್ಮ ಟಿಪ್ಪಣಿಯ ಯಾವ ಪುಟದಿಂದ ಬಂತೆಂದು ಸೂಚಿಸಲು ಯಂತ್ರಕ್ಕೆ ಹೇಳಬಹುದಾದ್ದರಿಂದ, ಆ ಪುಟ ತೆರೆದು ನೋಡಿದರೆ ಪರಿಶೀಲನೆ ಮುಗಿಯುತ್ತದೆ. ಸೂಚಿಸಿದ ಪುಟದಲ್ಲಿ ಆ ಮಾತು ಇಲ್ಲದಿದ್ದರೆ ವಾಕ್ಯವನ್ನು ಹೊಡೆದು ಹಾಕುವುದು.

ಈಗ ಪ್ರಶ್ನೆಗಳ ಮಾತು. ನನ್ನ ಮಟ್ಟಿಗೆ ಇಡೀ ಕೋರ್ಸ್‌ನಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ಇದಕ್ಕೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು ನೋಡಿದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಅಂದರೆ ಪ್ರಶ್ನೆ ಕೇವಲ ಅಂಕ ಕೊಡುವ ಸಾಧನವಲ್ಲ, ಕಲಿಕೆಯೇ ಅದರಲ್ಲಿ ನಡೆಯುತ್ತದೆ. ಕೈಯಿಂದ ಬರೆಯುವಾಗ ಪ್ರಶ್ನೆಗಳು ಯಾವಾಗಲೂ ಕಡಿಮೆ ಬೀಳುತ್ತವೆ. ಇಲ್ಲಿ ಯಂತ್ರದ ವೇಗ ನಿಜಕ್ಕೂ ಉಪಕಾರಿ.

ಆದರೂ ಹತ್ತಿರದಿಂದ ಒಂದನ್ನು ನೋಡೋಣ. ಮಧ್ಯಾಂಕದ ಮೇಲೆ ಬಹುಆಯ್ಕೆಯ ಪ್ರಶ್ನೆ ಬೇಕೆಂದಾಗ ಇಂಥದೊಂದು ಬಂತೆಂದು ಇಟ್ಟುಕೊಳ್ಳಿ: ‘12, 4, 9, 30, 5 ಈ ಸಂಖ್ಯೆಗಳ ಮಧ್ಯಾಂಕ ಎಷ್ಟು?’ ಆಯ್ಕೆಗಳು 7, 8, 9 ಮತ್ತು 10; ಸರಿಯುತ್ತರ 9. ಉತ್ತರ ಸರಿಯಾಗಿಯೇ ಇದೆ. ಏರಿಕೆ ಕ್ರಮದಲ್ಲಿ ಬರೆದರೆ 4, 5, 9, 12, 30 ಆಗಿ ನಡುವಿನದು 9. ಆದರೆ ಮಧ್ಯಾಂಕ ಕಂಡುಹಿಡಿಯುವಾಗ ಆರಂಭಿಕರು ಸಾಮಾನ್ಯವಾಗಿ ಮಾಡುವ ತಪ್ಪು, ಸಂಖ್ಯೆಗಳನ್ನು ಕ್ರಮದಲ್ಲಿ ಜೋಡಿಸಲು ಮರೆತು, ಕೊಟ್ಟ ಪಟ್ಟಿಯ ನಡುವಿನ ಸಂಖ್ಯೆಯನ್ನೇ ಎತ್ತಿಕೊಳ್ಳುವುದು. ಈ ಪಟ್ಟಿಯಲ್ಲಿ ಹಾಗೆ ಎತ್ತಿಕೊಂಡರೂ ಸಿಗುವುದು 9! ಏನೂ ತಿಳಿಯದವನಿಗೂ ಪೂರ್ಣ ಅಂಕ. ಉಳಿದ ಮೂರು ಆಯ್ಕೆಗಳೋ, ಯಾವ ತಪ್ಪು ದಾರಿಯಲ್ಲಿ ನಡೆದರೂ ಸಿಗದಂತಹವು. ಸುಮ್ಮನೆ 9ರ ಅಕ್ಕಪಕ್ಕದ ಅಂಕಿಗಳು. ಪ್ರಶ್ನೆಯಲ್ಲಿ ವ್ಯಾಕರಣದ ದೋಷವಿಲ್ಲ, ಗಣಿತದ ದೋಷವಿಲ್ಲ, ಹಾಗಿದ್ದೂ ಅದು ಏನನ್ನೂ ಅಳೆಯುತ್ತಿಲ್ಲ.

ಅದೇ ಐದು ಸಂಖ್ಯೆಗಳ ಜಾಗ ಬದಲಿಸಿ 12, 4, 30, 9, 5 ಎಂದು ಬರೆದು, ಆಯ್ಕೆಗಳನ್ನು 9, 30 ಮತ್ತು 12 ಎಂದು ಇಟ್ಟರೆ ಪ್ರಶ್ನೆಗೆ ಜೀವ ಬರುತ್ತದೆ. 30 ಆರಿಸಿದವನು ಕ್ರಮದಲ್ಲಿ ಜೋಡಿಸಲು ಮರೆತಿದ್ದಾನೆ. 12 ಆರಿಸಿದವನು ಮಧ್ಯಾಂಕದ ಬದಲು ಸರಾಸರಿ ತೆಗೆದಿದ್ದಾನೆ, ಏಕೆಂದರೆ ಮೊತ್ತ 60, ಅದನ್ನು 5ರಿಂದ ಭಾಗಿಸಿದರೆ 12. ಇಬ್ಬರಿಗೂ ತೋರಿಸಬೇಕಾದ ಪ್ರತಿಕ್ರಿಯೆ ಬೇರೆ ಬೇರೆ, ಮತ್ತು ಅದನ್ನು ಮೊದಲೇ ಬರೆದಿಡಬಹುದು. ನಾಲ್ಕನೆಯ ಆಯ್ಕೆ ಇಲ್ಲವೆಂದು ಕೊರಗಬೇಕಿಲ್ಲ. ಸಂಶೋಧಕ ಮೈಕೆಲ್ ರೊಡ್ರಿಗಸ್ 2005ರಲ್ಲಿ ಎಂಟು ದಶಕಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿ, ಬಹುಆಯ್ಕೆ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಆಯ್ಕೆಗಳೇ ಸಾಕು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಯಂತ್ರಕ್ಕೆ ‘ಹತ್ತು ಪ್ರಶ್ನೆ ಕೊಡು’ ಎನ್ನುವ ಬದಲು, ‘ಇವು ಕಲಿಯುವವರು ಮಾಡುವ ಮೂರು ತಪ್ಪುಗಳು, ಪ್ರತಿಯೊಂದು ತಪ್ಪು ಆಯ್ಕೆಯೂ ಇವುಗಳಲ್ಲಿ ಒಂದರಿಂದ ಹುಟ್ಟಿರಲಿ, ಯಾವುದು ಯಾವುದರಿಂದ ಹುಟ್ಟಿತೆಂದು ಪಕ್ಕದಲ್ಲಿ ಬರೆ, ತಪ್ಪು ವಿಧಾನದಿಂದ ಸರಿಯುತ್ತರ ಬರದಂತೆ ಸಂಖ್ಯೆಗಳನ್ನು ಆರಿಸು’ ಎಂದು ಹೇಳಿದರೆ ಸಿಗುವ ಪ್ರಶ್ನೆಗಳ ಮಟ್ಟವೇ ಬೇರೆ. ಆ ಮೂರು ತಪ್ಪುಗಳ ಪಟ್ಟಿ ತರಗತಿಯಲ್ಲಿ ನಿಂತು ಉತ್ತರಪತ್ರಿಕೆ ತಿದ್ದಿದವರ ತಲೆಯಲ್ಲಿದೆ, ಆನ್‌ಲೈನ್ ಕೋರ್ಸ್ ಕಟ್ಟುವ ತಂಡಕ್ಕೆ ಅಂಥವರು ಅಗತ್ಯವಾಗುವುದು ಇದಕ್ಕಾಗಿಯೇ. ಯಂತ್ರ ಬರೆದ ಆಯ್ಕೆಗಳಲ್ಲಿ ಇನ್ನೊಂದು ಚಾಳಿಯನ್ನೂ ಗಮನಿಸಬೇಕು: ಸರಿಯುತ್ತರ ಎಷ್ಟೋ ಸಲ ಉಳಿದವುಗಳಿಗಿಂತ ಉದ್ದವಾಗಿ, ಹೆಚ್ಚು ಎಚ್ಚರದ ಮಾತಿನಲ್ಲಿರುತ್ತದೆ. ಚುರುಕಾದ ವಿದ್ಯಾರ್ಥಿಗಳು ಪಾಠ ಓದದೆಯೇ ಅದನ್ನು ಹಿಡಿಯುತ್ತಾರೆ.

ಯಂತ್ರವನ್ನು ಲೇಖಕನಾಗಿ ಬಳಸುವುದಕ್ಕಿಂತ ಓದುಗನಾಗಿ ಬಳಸುವುದು ಹೆಚ್ಚು ಲಾಭದಾಯಕ ಎಂಬುದು ಹಲವರಿಗೆ ತಡವಾಗಿ ಹೊಳೆಯುತ್ತದೆ. ವಿಷಯದಲ್ಲಿ ಪಳಗಿದವರು ತಾವು ಒಂದೇ ಹೆಜ್ಜೆಯಲ್ಲಿ ದಾಟುವ ಕಡೆ ಹೊಸಬನಿಗೆ ಮೂರು ಹೆಜ್ಜೆ ಬೇಕಾಗುತ್ತದೆ ಎಂಬುದನ್ನು ಮರೆತಿರುತ್ತಾರೆ. ಬರೆದ ಪಾಠವನ್ನು ಕೊಟ್ಟು, ‘ಇದನ್ನು ಮೊದಲ ಸಲ ಓದುವವನು ಎಲ್ಲಿ ನಿಲ್ಲುತ್ತಾನೆ, ವಿವರಿಸದೆ ಬಳಸಿದ ಪದ ಯಾವುದು, ಯಾವ ಹೆಜ್ಜೆ ಹಾರಿಹೋಗಿದೆ’ ಎಂದು ಕೇಳಿದರೆ ಹತ್ತು ಸೂಚನೆ ಬರುತ್ತವೆ. ಐದಾರು ಕೆಲಸಕ್ಕೆ ಬಾರದವು, ಉಳಿದವು ನಿಜವಾದ ಬಿರುಕುಗಳು. ಬೇಡದ್ದನ್ನು ತಳ್ಳಿಹಾಕಲು ಕ್ಷಣ ಸಾಕು.

ವಿಡಿಯೊ ಮತ್ತು ಧ್ವನಿಯ ವಿಷಯದಲ್ಲಿ ಉತ್ಸಾಹ ಅಗತ್ಯಕ್ಕಿಂತ ಜಾಸ್ತಿ ಇದೆ. ಬರೆದದ್ದನ್ನು ಓದಿ ಹೇಳುವ ಕೃತಕ ಧ್ವನಿ, ತುಟಿಯಾಡಿಸುವ ಕೃತಕ ಮುಖ, ಎರಡೂ ಇಂದು ಸುಲಭ. ಎಡ್‌ಎಕ್ಸ್‌ನ ನಾಲ್ಕು ಕೋರ್ಸ್‌ಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರ ಪ್ರಕಾರ, ಆರು ನಿಮಿಷಕ್ಕಿಂತ ಚಿಕ್ಕದಾದ ವಿಡಿಯೊಗಳನ್ನು ಜನ ಗಮನವಿಟ್ಟು ನೋಡಿದರು; ಸ್ಟುಡಿಯೊದ ಭರ್ಜರಿ ಚಿತ್ರೀಕರಣಕ್ಕಿಂತ ಎದುರು ಕುಳಿತು ಮಾತನಾಡಿದಂತಿದ್ದ ಸರಳ ವಿಡಿಯೊ, ಸ್ಲೈಡ್‌ಗಳಿಗಿಂತ ಕೈಯಲ್ಲಿ ಬರೆಯುತ್ತ ವಿವರಿಸಿದ ವಿಡಿಯೊ ಅವರನ್ನು ಹೆಚ್ಚು ಹಿಡಿದಿಟ್ಟಿತು. ಯಂತ್ರದ ನಿಜವಾದ ಸಹಾಯ ವಿಡಿಯೊದ ಸುತ್ತಲಿನ ಕೆಲಸಗಳಲ್ಲಿದೆ: ಸಬ್‌ಟೈಟಲ್ ತಯಾರಿಸುವುದು, ನಲವತ್ತು ನಿಮಿಷದ ಹಳೆಯ ಉಪನ್ಯಾಸವನ್ನು ಎಲ್ಲಿ ಕತ್ತರಿಸಬಹುದೆಂದು ತೋರಿಸುವುದು, ಚಿತ್ರಗಳಿಗೆ ಅಂಧರು ಕೇಳಬಹುದಾದ ವಿವರಣೆ ಬರೆಯುವುದು. ಬೇರೆ ಭಾಷೆಗೆ ಅನುವಾದಿಸುವಾಗ, ಅಂತರ್ಜಾಲದಲ್ಲಿ ಬರಹ ಕಡಿಮೆ ಇರುವ ಭಾಷೆಗಳಲ್ಲಿ ಪಾರಿಭಾಷಿಕ ಪದ ಪುಟದಿಂದ ಪುಟಕ್ಕೆ ಬದಲಾಗುತ್ತದೆ. ಒಂದು ಪಾಠದಲ್ಲಿ ‘ಮಧ್ಯಾಂಕ’ ಎಂದಿದ್ದದ್ದು ಮುಂದಿನದರಲ್ಲಿ ‘ನಡುಬೆಲೆ’ಯಾದರೆ ಕಲಿಯುವವನು ಅವು ಎರಡು ಬೇರೆ ಸಂಗತಿಗಳೆಂದೇ ತಿಳಿಯುತ್ತಾನೆ. ಪದಪಟ್ಟಿಯನ್ನು ಮೊದಲೇ ಗೊತ್ತುಮಾಡಿ, ಪ್ರತಿ ಸಲವೂ ಪ್ರಾಂಪ್ಟ್‌ನ, ಅಂದರೆ ಯಂತ್ರಕ್ಕೆ ಬರೆದು ಕೊಡುವ ಸೂಚನೆಯ, ಜೊತೆಗೆ ಕೊಡಬೇಕು.

ಕೋರ್ಸ್‌ನ ಒಳಗೇ ಒಂದು ಚಾಟ್‌ಬಾಟ್ ಇಟ್ಟು, ಸಂದೇಹ ಬಂದಾಗ ಕೇಳಲು ಬಿಡುವ ಪದ್ಧತಿಯೂ ಬೆಳೆಯುತ್ತಿದೆ. ಉಚಿತ ಆನ್‌ಲೈನ್ ಪಾಠಗಳ ಸಂಸ್ಥೆಯಾದ ಖಾನ್ ಅಕಾಡೆಮಿ 2023ರ ಮಾರ್ಚ್‌ನಲ್ಲಿ ಖಾನ್‌ಮಿಗೊ ಎಂಬ ಸಹಾಯಕನನ್ನು ಪರಿಚಯಿಸಿತು. ಇಂಥವುಗಳ ಪರಿಣಾಮದ ಬಗ್ಗೆ ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳೊಂದಿಗೆ ನಡೆದ ಗಣಿತದ ಪ್ರಯೋಗವೊಂದು ಬಹಳ ಸ್ಪಷ್ಟವಾದ ಪಾಠ ಹೇಳುತ್ತದೆ. ಜಿಪಿಟಿ-4 ಎಂಬ ಭಾಷಾ ಮಾದರಿ ಆಧಾರಿತ ಸಾಮಾನ್ಯ ಚಾಟ್‌ಬಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಉತ್ತಮವಾಗಿ ಮಾಡಿದರು. ಅದನ್ನು ಹಿಂತೆಗೆದುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಬಳಸದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿಹಾಕಿದ, ಪ್ರತಿ ಲೆಕ್ಕದ ಸರಿಯುತ್ತರವನ್ನೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೂ ಶಿಕ್ಷಕರಿಂದ ಪಡೆದು ತುಂಬಿದ ಇನ್ನೊಂದು ಚಾಟ್‌ಬಾಟ್‌ನಿಂದ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಎರಡರಲ್ಲಿಯೂ ಮಾದರಿ ಒಂದೇ. ವ್ಯತ್ಯಾಸ ಮಾಡಿದ್ದು ಶಿಕ್ಷಕರು ಕೊಟ್ಟ ಆ ಟಿಪ್ಪಣಿ ಮತ್ತು ಆ ಕಟ್ಟುಪಾಡು. ಮಧ್ಯಾಂಕದ ಪ್ರಶ್ನೆಯಲ್ಲಿ ನಾವು ಕಂಡ ತಪ್ಪುಗಳ ಪಟ್ಟಿ ಇಲ್ಲಿ ಎರಡನೆಯ ಸಲ ಕೆಲಸಕ್ಕೆ ಬರುತ್ತದೆ.

ಹಕ್ಕು ಮತ್ತು ಗೋಪ್ಯತೆಯ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಪೂರ್ತಿಯಾಗಿ ಯಂತ್ರವೇ ಸೃಷ್ಟಿಸಿದ ಭಾಗಕ್ಕೆ ಹಕ್ಕುಸ್ವಾಮ್ಯ ಸಿಗುವುದಿಲ್ಲ, ಮನುಷ್ಯನ ಸೃಜನಶೀಲ ಆಯ್ಕೆ ಮತ್ತು ಜೋಡಣೆಗೆ ಸಿಗಬಹುದು. ಬೇರೆ ದೇಶಗಳ ಕಾನೂನು ಬೇರೆ ಇರಬಹುದಾದ್ದರಿಂದ ಮಾರಾಟಕ್ಕಿಡುವ ಮುನ್ನ ವಿಚಾರಿಸಿಕೊಳ್ಳಬೇಕು. ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗದರ್ಶಿ, ಮಕ್ಕಳು ಇಂಥ ಚಾಟ್‌ಬಾಟ್‌ಗಳನ್ನು ಸ್ವತಂತ್ರವಾಗಿ ಬಳಸಲು ಕನಿಷ್ಠ 13 ವರ್ಷದ ಮಿತಿ ಇರಬೇಕೆಂದು ಹೇಳುತ್ತದೆ. ವಿದ್ಯಾರ್ಥಿಗಳ ಹೆಸರು, ಅಂಕ ಇರುವ ಕಡತವನ್ನು ಹಾಗೆಯೇ ಚಾಟ್‌ಬಾಟ್‌ಗೆ ಏರಿಸುವುದಂತೂ ಕೂಡದು; ಹೆಸರು ತೆಗೆದು ಕ್ರಮಸಂಖ್ಯೆ ಹಾಕಲು ಐದು ನಿಮಿಷ ಸಾಕಾಗುತ್ತದೆ.

ಕೋರ್ಸನ್ನು ಆನ್‌ಲೈನ್ ಕಲಿಕಾ ವೇದಿಕೆಗೆ ಏರಿಸುವ ಹಂತದಲ್ಲಿ ಯಂತ್ರ ಒಳ್ಳೆಯ ಗುಮಾಸ್ತ. 2002ರಿಂದ ಬಳಕೆಯಲ್ಲಿರುವ ಮೂಡಲ್‌ನಂತಹ ವೇದಿಕೆಗಳು ‘ಗಿಫ್ಟ್’, ‘ಐಕೆನ್’ ಎಂಬ ಸರಳ ಪಠ್ಯರೂಪದಲ್ಲಿ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತವೆ. ಪರಿಶೀಲಿಸಿ ಮುಗಿಸಿದ ಪ್ರಶ್ನೆಗಳನ್ನು ಆ ರೂಪಕ್ಕೆ ತಿರುಗಿಸಿಕೊಡು ಎಂದರೆ, ಒಂದು ಮಧ್ಯಾಹ್ನ ಕುಳಿತು ಒಂದೊಂದಾಗಿ ತುಂಬಬೇಕಿದ್ದ ನೂರು ಪ್ರಶ್ನೆಗಳು ಒಂದೇ ಕಡತವಾಗಿ ಒಳಗೆ ಹೋಗುತ್ತವೆ. ರೂಪ ತಪ್ಪಿದ್ದರೆ ವೇದಿಕೆಯೇ ಹೇಳುತ್ತದೆ. ಬೇಗ ಪರಿಶೀಲಿಸಬಹುದಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆದರೆ ಈ ತಿರುಗಿಸುವಿಕೆಯಲ್ಲಿ ಸರಿಯುತ್ತರದ ಗುರುತು ಬೇರೆ ಆಯ್ಕೆಗೆ ಜಾರಿದ್ದರೆ ವೇದಿಕೆಗೆ ಅದು ಗೊತ್ತಾಗುವುದಿಲ್ಲವಾದ್ದರಿಂದ, ಏರಿಸಿದ ಮೇಲೆ ಪ್ರತಿ ಪ್ರಶ್ನೆಗೂ ನಾವೇ ಒಮ್ಮೆ ಉತ್ತರಿಸಿ ನೋಡಬೇಕು.

ಆಮೇಲೆ ಎಲ್ಲರಿಗೂ ತೆರೆಯುವ ಮುನ್ನ ನಾಲ್ಕೈದು ಜನ ನಿಜವಾದ ಆರಂಭಿಕರನ್ನು ಕೂರಿಸಿ, ಅವರು ಕಲಿಯುವುದನ್ನು ಪಕ್ಕದಲ್ಲಿದ್ದು ನೋಡುವುದು. ಯಂತ್ರ ನಟಿಸಿದ ಹೊಸಬ ಎಲ್ಲಿ ಎಡವುತ್ತಾನೆಂದು ಹೇಳಿತ್ತೋ ಅಲ್ಲಿ ಇವರು ಸರಾಗವಾಗಿ ದಾಟಬಹುದು, ಯಾರೂ ಊಹಿಸದ ಕಡೆ ನಿಲ್ಲಬಹುದು. ಒಂದು ಪ್ರಶ್ನೆಗೆ ಐವರೂ ಒಂದೇ ತಪ್ಪು ಉತ್ತರ ಕೊಟ್ಟರೆ ಮೊದಲು ನೋಡಬೇಕಾದದ್ದು ಉತ್ತರದ ಗುರುತು ಸರಿಯಿದೆಯೇ ಎಂಬುದನ್ನು, ಆಮೇಲೆ ಪಾಠವನ್ನು, ಕಡೆಗೆ ಕಲಿಯುವವರನ್ನು. ಅವರ ಕಾಗದದ ಮೇಲೆ ಗೀಚಿದ ಲೆಕ್ಕಗಳನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಮುಂದಿನ ಸಲ ಪ್ರಶ್ನೆಗಳನ್ನು ಬರೆಸುವಾಗ ಯಂತ್ರದ ಮುಂದಿಡಬೇಕಾದ ತಪ್ಪುಗಳ ಪಟ್ಟಿಯ ಹೊಸ ಸಾಲುಗಳು ಆ ಹಾಳೆಗಳಲ್ಲಿರುತ್ತವೆ.